ಬೈ

ಲಗ್ಗೆರೆಯ ಹಿಟ್ಟಿನ ಗಿರಣಿಯ ಮೇಲೆ
ನಮ್ಮ ಭಾನುವಾರದ ಇಂಗ್ಲಿಷ್ ಕ್ಲಾಸು.
ಕೆಳಗೆ ರಾಗಿ ಬಿದ್ದರೆ ಇಲ್ಲಿ ಬೋರ್ಡು ನಡುಗುತ್ತದೆ.
ಸೀಮೆಸುಣ್ಣ ಯಾವುದು, ಹಿಟ್ಟು ಯಾವುದು
ಸಂಜೆ ಸೆರಗು ಕೊಡವುವಾಗ ನನಗೇ ತಿಳಿಯದು.

ಇವತ್ತು ಪ್ಯಾಸಿವ್ ವಾಯ್ಸು.
ಕರ್ಮವನ್ನು ಎತ್ತಿ ಮುಂದೆ ಕೂರಿಸಿ,
ಇಸ್ಸೋ ವಾಸೋ ಕಾಲ ನೋಡಿ ಹಾಕಿ,
ಕ್ರಿಯಾಪದದ ಮೂರನೇ ರೂಪ;
ಕರ್ತೃ ಹಿಂದಿನ ಸೀಟಿಗೆ, ಬೈ ಹಿಡಿದುಕೊಂಡು.

‘ಬೈ ಅಂದ್ರೆ ಬೈಯೋದಾ ಮಿಸ್?’
ನೀರಿನ ಟ್ಯಾಂಕರಿನ ದಸ್ತಗೀರ.
ನಗು. ನಾನೂ ನಕ್ಕೆ.
‘ಯಾರು ಮಾಡಿದ್ದು ಅಂತ ಗೊತ್ತಿಲ್ಲದಿದ್ರೆ,
ಹೇಳೋದು ಬೇಡ ಅನಿಸಿದ್ರೆ,
ಬೈ ಬಿಡಬಹುದು.’
ಕಿಟಕಿಯಾಚೆಯ ಫಲಕ ತೋರಿಸಿದೆ:
ರಸ್ತೆ ಅಗೆಯಲಾಗಿದೆ.
ಅಡಚಣೆಗಾಗಿ ವಿಷಾದಿಸಲಾಗಿದೆ.
ಅಗೆದವರು ಊಟಕ್ಕೆ ಹೋಗಿದ್ದರು.
ವಿಷಾದಿಸಿದವರನ್ನು ಈ ಬೆಂಗಳೂರಲ್ಲಿ
ಇನ್ನೂ ಯಾರೂ ಕಂಡಿಲ್ಲ.

ನೋಟ್‌ಬುಕ್ಕುಗಳು ಬಂದವು.
ಗೈಡಿನ ಹುಲಿ ಪ್ರತಿ ವರ್ಷದಂತೆ ಕೊಲ್ಲಲ್ಪಟ್ಟಿತ್ತು.
ನೀರು ತರಲ್ಪಡುತ್ತದೆ, ಬೈ ಮಿ, ಎಂದು
ದಸ್ತಗೀರ ದಪ್ಪಗೆ ಗೆರೆ ಎಳೆದಿದ್ದ.
ಪೀಣ್ಯದ ಗಾರ್ಮೆಂಟ್ಸಿನ ಚೌಡಮ್ಮ,
ಅಂಗಿಗೆ ತೋಳು ಕೂರಿಸುವವಳು,
ಒಂದೇ ವಾಕ್ಯ ಬರೆದಿದ್ದಳು, ಎಡಗೈಯಲ್ಲಿ:
ಮೈ ಫಿಂಗರ್ ವಾಸ್ ಸ್ಟಿಚ್ಡ್.

ಸರಿ ಇದೆ ಅಂದೆ. ಬೈ?
‘ಅದೇ ಕೇಳೋಣ ಅಂತಿದ್ದೆ ಮಿಸ್.
ಎರಡು ಹಾಕಬಹುದಾ?
ಮೊದಲು ಮಿಷಿನ್ನು ಹೊಲೀತು, ಆಮೇಲೆ ಡಾಕ್ಟ್ರು.’
ತುಸು ತಡೆದು,
‘ಗಂಟೆಗೆ ಎಂಬತ್ತಿದ್ದದ್ದು ಆವತ್ತು ನೂರಹತ್ತು ಮಾಡಿದ್ರು.
ಅವರನ್ನ ಎಲ್ಲಿ ಹಾಕ್ಲಿ?
ಅಂಗಿಗೆ ರಕ್ತ ಆಯ್ತು ಅಂತ ಬೈದ್ರು, ಅದು ಬೇರೆ.
ರಿಜಿಸ್ಟರಲ್ಲಿ ಮಾತ್ರ,
ಅಜಾಗರೂಕತೆಯಿಂದ ಗಾಯವಾಗಿದೆ, ಅಷ್ಟೇ.
ಸೈನೂ ಎಡಗೈಲೇ ಹಾಕಿದೆ.’

ಕನ್ನಡದಲ್ಲಿ ಈ ವಾಕ್ಯಕ್ಕೆ ‘ಪಡು’ ಬೇಕು,
ಪಾಡು ಪಡುವ ಪಡು.
ಹೈಸ್ಕೂಲಲ್ಲಿ ನಾನು ಕಲಿತಾಗ ಅದು
ಧಾತುವಿಗಂಟಿದ ಬರೀ ಒಂದು ಬಾಲ,
ಎರಡು ಮಾರ್ಕು.

ಕೆಂಪು ಪೆನ್ನು ಹಿಡಿದೇ ಕೂತೆ.
ಕೆಳಗೆ ಯಾರೋ ಗೋಧಿ ಸುರಿದರು,
ಅಕ್ಷರ ಅದುರಿತು.
ಚೌಡಮ್ಮ ಪಟ್ಟಿ ಸುತ್ತಿದ ಬೆರಳನ್ನು
ವಾಕ್ಯದ ಕೊನೆಯಿಂದ ಹಾಳೆಯ ಅಂಚಿನವರೆಗೆ
ಮೆಲ್ಲಗೆ ಎಳೆದು,
‘ಇಷ್ಟು ಜಾಗ ಸಾಕಾ ಮಿಸ್,
ಇನ್ನೊಂದು ಸಾಲು ಬಿಡ್ಲಾ?’