ಒಂದೇ ಬಣ್ಣದ ಎಣ್ಣೆ

ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ರಜೆ ಹಾಕುತ್ತಾನೆ.
ರೊವಾನಿಯೆಮಿಯ ಆಸ್ಪತ್ರೆಯ ನೆಲಮಾಳಿಗೆಯಲ್ಲಿ,
ಮಧ್ಯಾಹ್ನ ಎರಡಕ್ಕೇ ಹೊರಗೆ ಕಗ್ಗತ್ತಲಿರುವಾಗ,
ಟ್ಯೂಬ್‌ಲೈಟಿನ ಕೆಳಗೆ ಕೂತು
ನಾನು ಬಾಟಲಿಗಳಿಗೆ ಬಿಸಿಲು ತುಂಬುತ್ತೇನೆ.

ಹೀಗಂದರೆ ಡಾಕ್ಟರ್ ರೌಟಿಯೋಗೆ ಸಿಟ್ಟು.
"ಬಿಸಿಲೂ ಇಲ್ಲ, ಬೆಳದಿಂಗಳೂ ಇಲ್ಲ, ಹಿಲ್ಲೇವಿ.
ಅದು ವಿಟಮಿನ್ ಡಿ, ತೆಂಗಿನೆಣ್ಣೆಯಲ್ಲಿ ಕರಗಿಸಿದ್ದು.
ಕೆಲವು ಕೂಸುಗಳಿಗೆ ದಿನಕ್ಕೆ ಹತ್ತು ಮೈಕ್ರೋಗ್ರಾಂ,
ಕೆಲವಕ್ಕೆ ಮೂವತ್ತು.
ಹಾಲು, ಮೊಟ್ಟೆ, ಶೇಂಗಾ ಕಂಡರೆ
ಕಳ್ಳ ಬಂದನೆಂದು ಬೊಬ್ಬೆ ಹಾಕುವ ಮೈಗೆ
ಇವರು ನೆಂಟರು ಎಂದು ಮೊದಲೇ ಕಲಿಸಬಹುದೇ?
ಪ್ರಶ್ನೆ ಇಷ್ಟೇ."

ಇಷ್ಟೇ.
ತೆಂಗಿನಮರವನ್ನು ನಾನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದೇನೆ.

ಆರುನೂರ ಹನ್ನೆರಡು ಕೂಸುಗಳು, ಆರುನೂರ ಹನ್ನೆರಡು ನಂಬರು.
ಒಂದೇ ಬಣ್ಣದ ಎಣ್ಣೆ, ಒಂದೇ ವಾಸನೆ, ಒಂದೇ ಬಿಳಿ ಮುಚ್ಚಳ.
ಹತ್ತು ಯಾರಿಗೆ, ಮೂವತ್ತು ಯಾರಿಗೆ
ತಾಯಂದಿರಿಗೆ ಗೊತ್ತಿಲ್ಲ,
ರೌಟಿಯೋಗೂ ಗೊತ್ತಿಲ್ಲ, ಗೊತ್ತಾಗಕೂಡದು.
ಕಬ್ಬಿಣದ ಕಪಾಟಿನ ಲಕೋಟೆಗೆ ಗೊತ್ತು.
ಅಳೆದು ಸುರಿಯುವ ನನಗೆ ಗೊತ್ತು.

ಅಪ್ಪನ ಅತ್ತೆ ಆಲ್ಲಿ, ಎಂಬತ್ತೊಂಬತ್ತು ವರ್ಷ, ಹನ್ನೊಂದು ದನ,
ಪ್ರಯೋಗದ ಸುದ್ದಿ ಕೇಳಿ ನಕ್ಕಳು:
"ಎಣ್ಣೆ ಯಾಕೆ? ಕೂಸನ್ನು ಕೊಟ್ಟಿಗೆಗೆ ತನ್ನಿ.
ಸಗಣಿಯ ದೂಳು ಒಂದಿಷ್ಟು ಮೂಗಿಗೆ ಹೋಗಲಿ."
ರೌಟಿಯೋ ನಗಲಿಲ್ಲ. ಮಾರನೆಯ ದಿನ
ಅರ್ಜಿಯಲ್ಲಿ ಹೊಸದೊಂದು ಸಾಲು ಬಂತು:
ಮನೆಯಲ್ಲಿ ದನ ಇವೆಯೇ, ಇಲ್ಲವೇ.

ನನ್ನ ತಂಗಿ ಒರ್ವೋಕ್ಕಿ.
ಚಿಕ್ಕವಳಿದ್ದಾಗ ರಾತ್ರಿಯಿಡೀ ಮೊಣಕೈ ಮಡಿಕೆ ಕೆರೆದು
ರಕ್ತ ಮಾಡಿಕೊಳ್ಳುತ್ತಿದ್ದಳು.
ಅಮ್ಮ ಅವಳ ಕೈಗಳಿಗೆ ಉಣ್ಣೆಯ ಕಾಲುಚೀಲ ತೊಡಿಸಿ
ಮಣಿಕಟ್ಟಿಗೆ ದಾರ ಕಟ್ಟುತ್ತಿದ್ದಳು.
ಆ ದಾರ ನೆನಪಿಟ್ಟುಕೊಂಡೇ
ನಲವತ್ತೊಂದರಲ್ಲಿ ಹೆತ್ತ ಮಗನನ್ನು
ತಾನೇ ಬಂದು ಸೇರಿಸಿದಳು: ನಂಬರು ಮುನ್ನೂರ ನಲವತ್ತೇಳು.

ಕಂಪ್ಯೂಟರ್ ಚೀಟಿ ಎತ್ತಿತು. ಮೂವತ್ತು.
ಅಂದು ಸಂಜೆ ಮನೆಗೆ ನಡೆಯುತ್ತ
ಬೇಕರಿಯಲ್ಲಿ ಬನ್ನು ಕೊಂಡು, ಹಿಮದಲ್ಲಿ ನಿಂತು,
ಒಂದಲ್ಲ, ಎರಡು ತಿಂದೆ.
ಯಾರಿಗೂ ಹೇಳಲಾಗದ ಖುಷಿಗೆ
ಏಲಕ್ಕಿಯ ಘಮ ಇರುತ್ತದೆಂದು ಆಗ ತಿಳಿಯಿತು.

ಮಾರ್ಚ್. ಬೆಳಕು ವಾಪಸು ಬಂದಿತ್ತು,
ಸಾಲ ತೀರಿಸಲು ಬಂದವನ ಹಾಗೆ, ತುಸು ಜಾಸ್ತಿಯೇ.
ಹತ್ತು ತಿಂಗಳ ಎಯ್ನೋಗೆ ಒಂದು ಚಮಚ ಬೇಯಿಸಿದ ಮೊಟ್ಟೆ.
ತುಟಿ ಊದಿತು. ಕಣ್ಣು ಮುಚ್ಚಿಹೋಯಿತು.
ಹೊಟ್ಟೆಯ ಮೇಲೆ ಗಂಧೆಗಳು, ಭೂಪಟದಲ್ಲಿ ದ್ವೀಪಗಳೆದ್ದಂತೆ.
ಆಂಬುಲೆನ್ಸು, ತೊಡೆಗೊಂದು ಸೂಜಿ.
ಉಳಿದ.

ನನ್ನ ತಲೆಯ ಮೇಲಿನ ಮೂರನೆಯ ಮಹಡಿಯಿಂದ ಫೋನು:
"ಅಕ್ಕಾ, ನಿನಗೆ ಗೊತ್ತು. ಕಡಿಮೆಯದೇ ತಾನೇ?
ಕಡಿಮೆಯದು ಅಂದುಬಿಡು."
ಹೌದೆಂದರೆ ಅವಳಿಗೆ ಬಯ್ಯಲು ಒಂದು ಬಾಟಲಿ ಸಿಗುತ್ತಿತ್ತು.
ಅಲ್ಲವೆಂದರೆ ಬಯ್ಯಲು ಏನೂ ಉಳಿಯುತ್ತಿರಲಿಲ್ಲ,
ತನ್ನ ಮೊಣಕೈಗಳ ಹೊರತು.
ನಾನು ಕೇಳಿದೆ: "ಹಾಲು ಕುಡಿದನಾ?"
ಆ ಕಡೆ ಬಹಳ ಹೊತ್ತು ಉಸಿರಷ್ಟೇ ಇತ್ತು.

ಒಂದು ಕೂಸು ಉತ್ತರವಲ್ಲ ಎನ್ನುತ್ತಾನೆ ರೌಟಿಯೋ.
ಲೆಕ್ಕಕ್ಕೆ ಆರುನೂರ ಹನ್ನೆರಡೂ ಬೇಕು,
ಇನ್ನೂ ಎರಡು ಚಳಿಗಾಲ ಬೇಕು.
ಸರಿಯೇ ಇರಬಹುದು. ಲೆಕ್ಕ ಯಾರ ಮನೆಯಲ್ಲೂ
ರಾತ್ರಿ ಎದ್ದು ಅಳುವುದಿಲ್ಲ.

ಏಪ್ರಿಲಿನಲ್ಲಿ ಅವಳೇ ಬಂದಳು, ಮುಂದಿನ ಬಾಟಲಿಗೆ.
ಬಿಡುತ್ತಾಳೆಂದುಕೊಂಡಿದ್ದೆ. ಬಿಟ್ಟಿರಲಿಲ್ಲ.
ಕಿಟಕಿಯ ಹತ್ತಿರ ಹೋಗಿ, ಎತ್ತಿ,
ಎಣ್ಣೆಯನ್ನು ಬೆಳಕಿಗೆ ಹಿಡಿದು ನೋಡಿದಳು.
ಆಮೇಲೆ ತಿರುಗಿ ನನ್ನ ಮುಖವನ್ನೂ
ಹಾಗೆಯೇ, ಬೆಳಕಿಗೆ ಹಿಡಿದಂತೆ, ನೋಡಿದಳು.

ನಾನು ಪುಸ್ತಕ ಮುಂದೆ ತಳ್ಳಿದೆ.
ಮುನ್ನೂರ ನಲವತ್ತೇಳರ ಎದುರು
ಅವಳು ಸಹಿ ಹಾಕಿದಳು.