ಮಂಚದ ಗುರುತು

ಹೆಲ್ಮ್‌ಸ್ಟೆಟ್ ದಾಟಿದ ಮೇಲಿನ ಪಾರ್ಕಿಂಗು.
ಹಿಂದೊಮ್ಮೆ ಇಲ್ಲಿ ಗಡಿಯಿತ್ತು, ಬಂದೂಕವಿತ್ತು;
ಈಗ ನಾನಿದ್ದೇನೆ, ಹಳದಿ ಅಂಗಿ, ಕೆಂಪು ದೀಪದ ಕೋಲು.
ಇರುಳು ಎರಡೂ ಹತ್ತು. ಹನ್ನೊಂದನೆಯ ಲಾರಿ.

ಇಳಿದವನು ತೊಲ್ಕುನ್‌ಬೆಕ್. ಊರು ನರಿನ್,
ಕಿರ್ಗಿಜ್ ಬೆಟ್ಟಗಳ ಆಚೆ.
ಲಾರಿ ಲಿಥುವೇನಿಯದ್ದು, ಟ್ರೈಲರು ಪೋಲೆಂಡಿನದು,
ಒಳಗಿನ ಟ್ಯೂಲಿಪ್ಪು ಹಾಲೆಂಡಿನದು,
ಕಾಲ ಚಪ್ಪಲಿಯಷ್ಟೇ ಅವನದು.
ಚಳಿಗೆ ಬೆರಳು ಮಡಚಿ ನಿಂತ.

ಗುಂಡಿ ಒತ್ತಿದೆ. ಯಂತ್ರ ಬಿಳಿ ನಾಲಗೆ ಚಾಚಿತು.
ಸ್ಟೀರಿಂಗಿನ ಚಿತ್ರವಿದ್ದರೆ ಓಡಿಸಿದ್ದ,
ಅಡ್ಡಡ್ಡ ಎರಡು ಸುತ್ತಿಗೆ ಇದ್ದರೆ ಹೊರೆ ಇಳಿಸಿದ್ದ,
ಪುಟ್ಟ ಮಂಚವಿದ್ದರೆ ಮಲಗಿದ್ದ.
ಇಷ್ಟೇ ವರ್ಣಮಾಲೆ.
ಮಗಳ ಫೋನು, ಹೊಟ್ಟೆನೋವು, ಸುಮ್ಮನೆ ಗಾಜು ನೋಡುತ್ತ ಕೂತದ್ದು,
ಎಲ್ಲವನ್ನೂ ಇದರಲ್ಲೇ ಬರೆದುಕೊಳ್ಳಬೇಕು.

ಮಧ್ಯಾಹ್ನ ಮೂರೂ ಐವತ್ತಕ್ಕೆ ಮಂಚ.
ನಡುರಾತ್ರಿ ಕಳೆದು ಆರು ನಿಮಿಷಕ್ಕೆ ಸ್ಟೀರಿಂಗು,
ಬರೀ ಹನ್ನೊಂದು ನಿಮಿಷ. ಮತ್ತೆ ಮಂಚ, ಗಂಟೆಯೊಂದು ಚಿಲ್ಲರೆ.
ಇದೇನು, ಎಂದೆ.

ಜಾಗವಿರಲಿಲ್ಲ ಮೇಡಂ, ಹ್ಯಾನೋವರ್ ಬಳಿ ಎಲ್ಲ ತುಂಬಿತ್ತು,
ಬಂಕಿನ ಮೂಲೆಗೆ ನಿಲ್ಲಿಸಿದ್ದೆ,
ಯಾರೋ ಬಂದು ಬಾಗಿಲು ಬಡಿದ. ತೆಗೆ ಎಂದ. ತೆಗೆದೆ.
ಅರ್ಧ ರಷ್ಯನ್ನು, ಅರ್ಧ ಕೈಸನ್ನೆ.

ಒಂಬತ್ತು ಗಂಟೆ, ಒಂದೇ ಎಳೆಯಲ್ಲಿ, ಎಂದೆ.
ನಿನ್ನದು ಎಂಟೂ ಹದಿನಾರಕ್ಕೆ ತುಂಡಾಗಿದೆ.
ಮುರಿದ ನಿದ್ದೆ ಲೆಕ್ಕಕ್ಕಿಲ್ಲ.

ಅವನು ನನ್ನನ್ನೇ ನೋಡಿದ:
ಮುರಿದ ರೊಟ್ಟಿ ರೊಟ್ಟಿಯಲ್ಲವೇ?

ಹೋಲ್ಗರ್ ನಗಲಿಲ್ಲ. ನಾನೂ.
ಚೀಟಿ ಬರೆದೆ. ಹೋಲ್ಗರ್ ಚಕ್ರಕ್ಕೆ ಬೀಗ ಹಾಕಿದ.
ಎರಡೂವರೆಯಿಂದ ಹನ್ನೊಂದೂವರೆಗೆ, ಇಲ್ಲೇ, ಮಲಗು.
ಪೊಜ್ನಾನಿನ ಪೇಟೆ ಎಂಟಕ್ಕೆ ತೆರೆಯುತ್ತದೆ, ಎಂದ.
ಗೊತ್ತು, ಎಂದೆ.
ಹೋದ ಚೈತ್ರದಲ್ಲಿ ಇದೇ ರಸ್ತೆಯಲ್ಲಿ, ತೂಕಡಿಸಿದವನೊಬ್ಬನ ಲಾರಿಯಡಿ
ಒಂದು ಬಿಳಿ ಕಾರನ್ನು ನೋಡಿದ್ದೆ.
ಅದನ್ನು ಅವನಿಗೆ ಹೇಳಲಿಲ್ಲ. ಅಷ್ಟು ರಷ್ಯನ್ ನನಗೆ ಬಾರದು.

ನಿದ್ದೆಗೆ ಮಂಚ ಬೇಡ ಎನ್ನುತ್ತಾರೆ.
ಇಲ್ಲಿ ಮಂಚವಿದೆ, ಗುರುತಿದೆ, ಹೊತ್ತೂ ನಿಗದಿಯಾಗಿದೆ;
ಕಣ್ಣು ಮುಚ್ಚಿತೋ ಇಲ್ಲವೋ ಯಾವ ಯಂತ್ರವೂ ಕೇಳುವುದಿಲ್ಲ.
ಪರದೆಯ ಹಿಂದೆ ಫೋನಿನ ನೀಲಿ
ಮೂರಕ್ಕೂ ಇತ್ತು, ನಾಲ್ಕಕ್ಕೂ ಇತ್ತು.

ಏಳಕ್ಕೆ ನನ್ನ ಪಾಳಿ ಮುಗಿಯಿತು.
ತಂಪುಯಂತ್ರ ಗೊರಗೊರ ಎನ್ನುತ್ತಿತ್ತು,
ಕತ್ತಲಲ್ಲಿ ಬಕೆಟ್ಟುಗಟ್ಟಲೆ ಟ್ಯೂಲಿಪ್ಪು ಬಾಯಿ ಮುಚ್ಚಿಕೊಂಡು.
ನೀಲಿ ಆರಿತ್ತು.
ಲಾರಿಯ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟಿದ್ದ, ಮನೆಬಾಗಿಲಲ್ಲಿ ಬಿಡುವ ಹಾಗೆ,
ಒಂದು ಉರುಳಿ ಕೆಳಗೆ ಬಿದ್ದಿತ್ತು.

ಎತ್ತಿ ಜೋಡಿಗೆ ಸೇರಿಸಿದೆ, ಸದ್ದಾಗದಂತೆ.
ಇನ್ನೂ ನಾಲ್ಕೂವರೆ ಗಂಟೆ ಇತ್ತು.