ಬಳಕೆ ಪ್ರಮಾಣಪತ್ರ

ಅನುದಾನ ಬಂದದ್ದು ಫೆಬ್ರವರಿ ಇಪ್ಪತ್ತೊಂದಕ್ಕೆ.
ಗದ್ದೆಯಲ್ಲಿ ಆಗ ಕೂಳೆ ಬಿಟ್ಟರೆ
ಉತ್ತಯ್ಯನವರ ಎರಡು ಹಸು, ಒಂದು ಬೆಳ್ಳಕ್ಕಿ.

ಅರ್ಜಿ ಬರೆದದ್ದು ಕಕ್ಕಡದಲ್ಲಿ,
ಮದ್ದುಸೊಪ್ಪಿನ ಪಾಯಸ ಉಂಡು
ಮಕ್ಕಳ ನಾಲಿಗೆ ನೇರಳೆಯಾಗಿದ್ದ ವಾರ.
'ಸುಸ್ಥಿರ ಕೃಷಿ: ಸಂಶೋಧನೆ ಮತ್ತು ಶಿಕ್ಷಣ' ಎಂಬ ಯೋಜನೆಗೆ
ಬಾಳೆಲೆಯ ಪ್ರೌಢಶಾಲೆಯಿಂದ ಒಂದೇ ಪ್ರಶ್ನೆ:
ವಿಷ ಹೊಡೆಯದ ಗದ್ದೆಯಲ್ಲಿ
ಚದರ ಅಡಿಗೆ ಎಷ್ಟು ಎರೆಹುಳ?
ಕೇಳಿದ್ದು ಎಂಟನೇ ತರಗತಿಯ ಸಫ್ವಾನ.
ಮೊಹರು ಒತ್ತಿ, ಮೂರು ಪ್ರತಿ ತೆಗೆದು
ಅದನ್ನು ಹದಿನಾಲ್ಕು ಪುಟ ಮಾಡಿದ್ದು ನಾನು.

ಈಗ ಹಣ ಉಂಟು, ಹುಳ ಇಲ್ಲ.
ಮಾರ್ಚ್ ಮೂವತ್ತೊಂದರೊಳಗೆ ಖರ್ಚಾಗಬೇಕು,
ತಪ್ಪಿದರೆ ಬಡ್ಡಿ ಸಮೇತ ಮರಳಿಸಬೇಕು.
ಆದೇಶದ ಕೊನೆಯ ಸಾಲು, ದಪ್ಪ ಅಕ್ಷರ.
ಊರೆಲ್ಲ ಹೂಮಳೆಗೆ ಆಕಾಶ ನೋಡುವಾಗ
ನಾನು ಗೋಣಿಕೊಪ್ಪದ ಬಸ್ಸು ಹತ್ತಿ
ಪಾಸ್‌ಬುಕ್ ಎಂಟ್ರಿ ಮಾಡಿಸುತ್ತಿದ್ದೆ.
ಎರಡೂ ಒಂದೇ ಜಾತಿ:
ತಡವಾದರೆ ಮೊಗ್ಗು ಕರಟುತ್ತದೆ,
ಬೇಗ ಬಂದರೆ ಯಾರೂ ತಯಾರಿರುವುದಿಲ್ಲ.

ಉಪಕರಣದ ಬಾಬ್ತಿಗೆ ಎರಡು ಗುದ್ದಲಿ, ಒಂದು ತಕ್ಕಡಿ,
ಭೂತಗನ್ನಡಿ ಆರು.
ಪ್ರಯಾಣದ ಬಾಬ್ತು ಪೊನ್ನಂಪೇಟೆಯ ತಜ್ಞರದು;
ಅವರು ಬರಲಿಲ್ಲ, ಅವರಿಗೂ ಮಾರ್ಚ್.
ಉಳಿದದ್ದು 'ಇತರೆ'.
ಪಾಲಿಯ ಕೂಲಿ ಅಲ್ಲಿ ಬರೆದೆ,
ಅವಳಿಗೆ ಬೇರೆ ಕಲಂ ಇರಲಿಲ್ಲ.

ಹಾಡಿಯಿಂದ ಬಂದ ಪಾಲಿ
ನಾವು ಕೆರೆದ ನೆಲ ನೋಡಿ ನಕ್ಕಳು.
"ಟೀಚರೇ, ಮೇಲೆ ಎಲ್ಲಿ ಸಿಗ್ತದೆ?
ಬೇಸಗೆಗೆ ಅದು ಕೆಳಗೆ ಹೋಗಿ ಮಲಗ್ತದೆ.
ಎಬ್ಬಿಸುವುದಾದರೆ ಮೆಲ್ಲ ಎಬ್ಬಿಸಿ."
ಯಾರು ಕಲಿಸಿದ್ದು ಎಂದೆ.
"ಗಾಳಕ್ಕೆ ಹುಳ ಬೇಡವಾ?"
ಲಕ್ಷ್ಮಣತೀರ್ಥದ ಮೀನು
ಆರ್ಥಿಕ ವರ್ಷ ನೋಡಿ ಕಚ್ಚುವುದಿಲ್ಲ.

ಅವಳು ತೋರಿಸಿದಲ್ಲಿ ಅಗೆದೆವು, ಬದುವಿನ ಅಂಚಿಗೆ.
ಒಂದು ಅಡಿ, ಬರೀ ಗಟ್ಟಿ.
ಒಂದೂವರೆಗೆ ಬೇರು, ಸತ್ತ ಏಡಿಯ ಕೊಂಡಿ,
ಜೋಯಪ್ಪನ ಅಂಗೈಯಲ್ಲಿ ಬೊಕ್ಕೆ.
ಎರಡಡಿಗೆ, ಹದಿನೇಳನೇ ಗುಂಡಿಯಲ್ಲಿ,
ಗೋಲಿಯಷ್ಟು ದೊಡ್ಡ ಗೂಡು;
ಒಳಗೆ ತನ್ನನ್ನೇ ಗಂಟು ಹಾಕಿಕೊಂಡು
ಬೂದುಗೆಂಪಗೆ ಮಲಗಿತ್ತು.
ಇಪ್ಪತ್ತಾರು ಮಕ್ಕಳು ಉಸಿರು ಹಿಡಿದರು,
ಹಿಂದಿನ ಬೆಂಚಿನವರೂ.
ಸಫ್ವಾನ ಮುಟ್ಟಲಿಲ್ಲ. ಪಿಸುಗುಟ್ಟಿದ:
"ಮಿಸ್, ಇದನ್ನು ಒಂದು ಅಂತ ಬರೆಯುವುದಾ,
ಇನ್ನೂ ಎದ್ದಿಲ್ಲ ಅಂತಲಾ?"

ಪಾಲಿ ಮಣ್ಣು ಮುಚ್ಚಿದಳು.
ಮಗುವಿಗೆ ಹೊದಿಸಿದ ಹಾಗೆ ಎಂದು ಬರೆಯಲಾರೆ;
ಗುಂಡಿ ಮುಚ್ಚುವವರು ಮುಚ್ಚುವ ಹಾಗೆ, ಕಾಲಿನಿಂದ.
ಆದರೆ ತುಳಿಯಲಿಲ್ಲ.

ಆ ರಾತ್ರಿ ಹೂಮಳೆ ಬಂತು, ಬರೀ ಕಾಲು ಗಂಟೆ.
ವಾರ ಕಳೆದು ತೋಟವೆಲ್ಲ ಬೆಳ್ಳಗೆ ಬಿರಿದು
ಘಮಕ್ಕೆ ತಲೆನೋವು ಬರುವಾಗ
ನಾನು ಅಂಟು ಹಚ್ಚಿ ವೋಚರು ಅಂಟಿಸುತ್ತಿದ್ದೆ.
ಫಲಿತಾಂಶ: ಪ್ರಶ್ನೆ ತಪ್ಪಾಗಿತ್ತು.
'ಎಷ್ಟು' ಅಲ್ಲ, 'ಎಷ್ಟು ಆಳಕ್ಕೆ'.
ಉಳಿಕೆ: ನೂರಾ ಹನ್ನೆರಡು ರೂಪಾಯಿ, ಮರಳಿಸಲಾಗಿದೆ.
ಡಿಡಿ ಮಾಡಿಸಿದ ಖರ್ಚು ನನ್ನದು.

ಜುಲೈಯಲ್ಲಿ ಲೆಕ್ಕಪರಿಶೋಧಕರ ಆಕ್ಷೇಪಣೆ ಬಂತು:
'ವೋಚರ್ ನಾಲ್ಕರಲ್ಲಿ ಕೂಲಿಯವರ ಹೆಬ್ಬೆಟ್ಟು ಅಸ್ಪಷ್ಟ.
ಶಾಯಿಯ ಬದಲು ಕಂದು ಕಲೆ ಕಂಡುಬಂದಿದೆ.
ಸಮಜಾಯಿಷಿ ನೀಡತಕ್ಕದ್ದು.'

ಕಿಟಕಿಯಾಚೆ ಗದ್ದೆಗೆ ನೀರು ಕಟ್ಟಿದ್ದರು.
ಪಾಲಿ ಬಗ್ಗಿ ಅಗೆ ಕೀಳುತ್ತಿದ್ದಳು,
ಕರೆದರೆ ಕೇಳಿಸುವಷ್ಟು ಹತ್ತಿರ.
ಕರೆಯಲಿಲ್ಲ. ಬರೆದೆ:

ಮಾನ್ಯರೇ, ಅದು ಮಣ್ಣು.
ಬಾಳೆಲೆ, ಎರಡು ಅಡಿ ಆಳ, ಗುಂಡಿ ಹದಿನೇಳು.
ದಯವಿಟ್ಟು ಕಡತದಲ್ಲಿ ಜೋಪಾನವಾಗಿ ಇಡಿ.
ನಮ್ಮಲ್ಲಿ ಬೇರೆ ಮಾದರಿ ಉಳಿದಿಲ್ಲ.